ಲೂಯಿಸ್ ಫ್ರೈ ರಿಚರ್ಡ್‌ಸನ್

ಲೂಯಿಸ್ ಫ್ರೈ ರಿಚರ್ಡ್‌ಸನ್ (ಅಕ್ಟೋಬರ್ 11, 1881 – ಸೆಪ್ಟೆಂಬರ್ 30, 1953) ಇಂಗ್ಲೆಂಡಿನ ಗಣಿತಜ್ಞ, ಭೌತವಿಜ್ಞಾನಿ, ಹವಾಮಾನ ವಿಜ್ಞಾನಿ ಹಾಗೂ ಶಾಂತಿವಾದಿ. ವಾತಾವರಣದ ಚಲನೆಯನ್ನು ಸಮೀಕರಣಗಳ ಮೂಲಕ ಹಂತಹಂತವಾಗಿ ಲೆಕ್ಕಹಾಕಿ ಮುಂದಿನ ಹವೆಯನ್ನು ತಿಳಿಯಬಹುದೆಂದು ಮೊದಲ ಬಾರಿಗೆ ಪೂರ್ಣ ಪ್ರಮಾಣದಲ್ಲಿ ಪ್ರಯತ್ನಿಸಿದವರು ಇವರು. ಗಣಕಯಂತ್ರಗಳಿಲ್ಲದ ಕಾಲದಲ್ಲಿ, ಮೊದಲ ಮಹಾಯುದ್ಧದ ರಣರಂಗದ ಸಮೀಪದಲ್ಲಿ ಕುಳಿತು ಕೈಯಿಂದಲೇ ಮಾಡಿದ ಆ ಲೆಕ್ಕದ ಫಲ ತಪ್ಪಾಗಿತ್ತು. ಆದರೂ ಅವರು ಅದನ್ನು ಮರೆಮಾಚದೆ ಪ್ರಕಟಿಸಿದರು. ಇಂದು ಪ್ರಪಂಚದ ಎಲ್ಲ ಹವಾಮಾನ ಕೇಂದ್ರಗಳೂ ಅನುಸರಿಸುವ ಮಾರ್ಗ ಮೂಲತಃ ಅವರು ತೋರಿದ ಮಾರ್ಗವೇ ಆಗಿದೆ.

ವೈಜ್ಞಾನಿಕ ಲೆಕ್ಕಗಳಿಂದ ಹೊರಬರುವ ಅಪಾರ ಅಂಕಿಗಳನ್ನು ಕಣ್ಣಿಗೆ ಕಾಣುವ ರೂಪಕ್ಕೆ ತರುವ ದೃಶ್ಯೀಕರಣ ಎಂಬ ವಿಷಯದ ಚರಿತ್ರೆಯಲ್ಲಿಯೂ ರಿಚರ್ಡ್‌ಸನ್ ಅವರಿಗೆ ಸ್ಥಾನವಿದೆ. ಅವರ ಮೊದಲ ಸಂಶೋಧನೆ ರೇಖಾಚಿತ್ರದ್ದು; ಅವರ ಕೊನೆಯ ಪ್ರಯೋಗಗಳಲ್ಲಿ ಒಂದು, ಗಣಕಯಂತ್ರವು ಲೆಕ್ಕಹಾಕಿದ ಹವಾಮಾನ ನಕ್ಷೆಗಳನ್ನು ಕಣ್ಣಿನಿಂದ ಪರೀಕ್ಷಿಸಿದ್ದು.

ಜನನ ಮತ್ತು ಬಾಲ್ಯ

ರಿಚರ್ಡ್‌ಸನ್ ಅವರು ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕ್ಯಾಸಲ್ ಅಪಾನ್ ಟೈನ್ ನಗರದಲ್ಲಿ ಜನಿಸಿದರು. ತಂದೆ ಡೇವಿಡ್ ರಿಚರ್ಡ್‌ಸನ್ ಚರ್ಮ ಹದಮಾಡುವ ಉದ್ಯಮವನ್ನು ನಡೆಸುತ್ತಿದ್ದರು. ತಾಯಿ ಕ್ಯಾಥರೀನ್ ಫ್ರೈ. ಏಳು ಮಕ್ಕಳಲ್ಲಿ ಲೂಯಿಸ್ ಕೊನೆಯವರು. ಮನೆತನ ಕ್ವೇಕರ್ ಪಂಥಕ್ಕೆ ಸೇರಿದ್ದು. ಕ್ರೈಸ್ತಧರ್ಮದ ಒಂದು ಶಾಖೆಯಾದ ಈ ಪಂಥದವರು ಯುದ್ಧದಲ್ಲಿ ಭಾಗವಹಿಸುವುದನ್ನು ಧರ್ಮವಿರುದ್ಧವೆಂದು ತಿಳಿಯುತ್ತಾರೆ. ಈ ನಂಬಿಕೆ ರಿಚರ್ಡ್‌ಸನ್ ಅವರ ಬಾಳಿನ ಮುಖ್ಯ ತಿರುವುಗಳನ್ನೆಲ್ಲ ನಿರ್ಧರಿಸಿತು. ಪ್ರಸಿದ್ಧ ರಂಗ ಹಾಗೂ ಚಲನಚಿತ್ರ ನಟ ರಾಲ್ಫ್ ರಿಚರ್ಡ್‌ಸನ್ ಇವರ ಸೋದರನ ಮಗ.

ವಿದ್ಯಾಭ್ಯಾಸ

ನ್ಯೂಕ್ಯಾಸಲ್‌ನಲ್ಲಿ ಪ್ರಾರಂಭಿಕ ಶಿಕ್ಷಣ ಪಡೆದ ನಂತರ ಲೂಯಿಸ್ 1894ರಲ್ಲಿ ಯಾರ್ಕ್ ನಗರದ ಬೂಥಮ್ ಶಾಲೆಯನ್ನು ಸೇರಿದರು. ಇದು ಕ್ವೇಕರ್ ಪಂಥದವರ ವಸತಿಶಾಲೆ. ಪ್ರಕೃತಿ ವಿಜ್ಞಾನದಲ್ಲಿ ಅವರಿಗೆ ಆಸಕ್ತಿ ಬೆಳೆದದ್ದು ಇಲ್ಲಿಯೇ. ಬಳಿಕ ನ್ಯೂಕ್ಯಾಸಲ್‌ನ ಡರ್ಹಮ್ ವಿಜ್ಞಾನ ಕಾಲೇಜಿನಲ್ಲಿ ಎರಡು ವರ್ಷ ವ್ಯಾಸಂಗ ಮಾಡಿ, ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದರು. 1903ರಲ್ಲಿ ಪ್ರಕೃತಿ ವಿಜ್ಞಾನಗಳ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ ಆಗ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು.

ಮುಂದೆ ಹತ್ತು ವರ್ಷಗಳ ಕಾಲ ರಿಚರ್ಡ್‌ಸನ್ ಒಂದೆಡೆ ನೆಲೆನಿಲ್ಲಲಿಲ್ಲ. ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಎರಡು ಬಾರಿ, ವೇಲ್ಸ್‌ನ ಅಬರಿಸ್ಟ್ವಿತ್ ಕಾಲೇಜಿನಲ್ಲಿ, ಪೀಟ್ ತಯಾರಿಸುವ ಒಂದು ಉದ್ಯಮದಲ್ಲಿ, ವಿದ್ಯುದ್ದೀಪದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಹಾಗೂ ಮ್ಯಾಂಚೆಸ್ಟರ್‌ನ ತಾಂತ್ರಿಕ ಕಾಲೇಜಿನಲ್ಲಿ ಕೆಲಸ ಮಾಡಿದರು.

ಜೌಗುನೆಲದ ಸಮಸ್ಯೆ ಮತ್ತು ರೇಖಾಚಿತ್ರ ವಿಧಾನ

ಪೀಟ್ ಎಂಬುದು ಜೌಗುನೆಲದಲ್ಲಿ ಸಸ್ಯಗಳು ಶತಮಾನಗಳ ಕಾಲ ಕೊಳೆತು ಉಂಟಾಗುವ, ಒಣಗಿಸಿ ಉರುವಲಾಗಿ ಬಳಸಬಹುದಾದ ಮಣ್ಣಿನಂಥ ವಸ್ತು. ಅದನ್ನು ಅಗೆಯಬೇಕಾದರೆ ಮೊದಲು ನೆಲದ ನೀರನ್ನು ಬಸಿಯಬೇಕು. ವರ್ಷಕ್ಕೆ ಬೀಳುವ ಮಳೆಯ ಪ್ರಮಾಣ ತಿಳಿದಿರುವಾಗ ಕಾಲುವೆಗಳನ್ನು ಎಷ್ಟು ದೂರಕ್ಕೊಂದರಂತೆ ತೋಡಬೇಕು ಎಂಬ ಪ್ರಶ್ನೆ 1906–07ರಲ್ಲಿ ರಿಚರ್ಡ್‌ಸನ್ ಅವರ ಮುಂದೆ ಬಂತು. ಮಣ್ಣಿನೊಳಗೆ ನೀರು ಹರಿಯುವ ರೀತಿಯನ್ನು ತಿಳಿಸುವ ಅವಕಲ ಸಮೀಕರಣ ಆಗಲೇ ತಿಳಿದಿತ್ತು. ಆದರೆ ನಿಜವಾದ ನೆಲದ ಅಂಚುಗಳು ಪಠ್ಯಪುಸ್ತಕದ ವೃತ್ತ, ಚೌಕಗಳಂತೆ ಇರುವುದಿಲ್ಲವಾದ್ದರಿಂದ ಸಮೀಕರಣವನ್ನು ಸೂತ್ರರೂಪದಲ್ಲಿ ಬಿಡಿಸುವುದು ಸಾಧ್ಯವಿರಲಿಲ್ಲ.

ರಿಚರ್ಡ್‌ಸನ್ ಇದಕ್ಕೆ ಮೊದಲು ಕಂಡುಕೊಂಡ ಉಪಾಯ ಪೆನ್ಸಿಲ್ ಮತ್ತು ರಬ್ಬರಿನದು. ನೀರು ಹರಿಯುವ ದಿಕ್ಕನ್ನು ತೋರುವ ಪ್ರವಾಹರೇಖೆಗಳನ್ನೂ, ಅವುಗಳನ್ನು ಲಂಬವಾಗಿ ಕತ್ತರಿಸುವ ಸಮವಿಭವ ರೇಖೆಗಳನ್ನೂ ಅಂದಾಜಿನಿಂದ ಕೈಯಲ್ಲಿಯೇ ಎಳೆಯುವುದು. ಎರಡು ಬಗೆಯ ರೇಖೆಗಳ ನಡುವೆ ಉಂಟಾಗುವ ಮನೆಗಳು ಚೌಕಗಳಂತೆ ಕಾಣುವವರೆಗೆ ಅಳಿಸಿ ತಿದ್ದುವುದು. ಚಿತ್ರ ಸರಿಹೊಂದಿದಾಗ ಉತ್ತರವೂ ಸಾಕಷ್ಟು ಸರಿಯಾಗಿಯೇ ಇರುತ್ತದೆ. ಈ ವಿಧಾನವನ್ನು ವಿವರಿಸುವ ಲೇಖನ 1908ರಲ್ಲಿ ಪ್ರಕಟವಾಯಿತು. ಎಂಜಿನಿಯರುಗಳಿಗೆ ಬೇಕಾದಷ್ಟು ನಿಖರತೆಯುಳ್ಳ ಉತ್ತರವನ್ನು ಶುದ್ಧಗಣಿತದ ನೆರವಿಲ್ಲದೆ ಪಡೆಯಲು ಇದು ಅವಕಾಶ ಮಾಡಿಕೊಟ್ಟಿತು.

ಅಣೆಕಟ್ಟಿನ ಲೆಕ್ಕ

ಎಲ್ಲ ಸಮಸ್ಯೆಗಳೂ ಕೈಚಿತ್ರಕ್ಕೆ ಒಗ್ಗುವುದಿಲ್ಲವೆಂಬುದು ರಿಚರ್ಡ್‌ಸನ್ ಅವರಿಗೆ ಬೇಗನೆ ಮನವರಿಕೆಯಾಯಿತು. ಅವರ ಎರಡನೆಯ ವಿಧಾನ ಅಂಕಗಣಿತದ್ದು. ಒಂದು ವಸ್ತುವಿನ ಮೇಲೆ ಚೌಕುಳಿ ಬಲೆಯನ್ನು ಹಾಸಿದಂತೆ ಭಾವಿಸಿ, ಬಲೆಯ ಪ್ರತಿಯೊಂದು ಗಂಟಿನಲ್ಲಿಯೂ ಬೇಕಾದ ಪರಿಮಾಣದ ಬೆಲೆಯನ್ನು ಬರೆದುಕೊಂಡು, ನೆರೆಹೊರೆಯ ಗಂಟುಗಳ ಬೆಲೆಗಳೊಡನೆ ಕೂಡಿ ಕಳೆದು, ಸಮೀಕರಣ ಒಪ್ಪುವವರೆಗೆ ತಿದ್ದುತ್ತ ಹೋಗುವುದು. ಇದಕ್ಕೆ ಪರಿಮಿತ ವ್ಯತ್ಯಾಸ ವಿಧಾನ ಎಂದು ಹೆಸರು. ಕಲನಶಾಸ್ತ್ರದ ಕಠಿಣ ಸಮಸ್ಯೆ ಹೀಗೆ ಶಾಲಾಬಾಲಕರೂ ಮಾಡಬಲ್ಲ ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳ ಒಂದು ದೊಡ್ಡ ರಾಶಿಯಾಗಿ ಮಾರ್ಪಡುತ್ತದೆ.

ಈ ವಿಧಾನವನ್ನು ಅವರು ಕಲ್ಲಿನ ಅಣೆಕಟ್ಟೊಂದರ ಒಳಗೆ ಉಂಟಾಗುವ ಒತ್ತಡಗಳನ್ನು ತಿಳಿಯಲು ಬಳಸಿದರು. ಲೆಕ್ಕದ ಒಂದು ಭಾಗವನ್ನು ಹುಡುಗರಿಂದ ಮಾಡಿಸಿ, ಪ್ರತಿ ಬಿಂದುವಿಗೆ ಇಷ್ಟೆಂದು ಅಂಕಿಗಳ ಸಂಖ್ಯೆಗೆ ಅನುಸಾರವಾಗಿ ಕೂಲಿ ಕೊಟ್ಟರು. ಚುರುಕಾದ ಹುಡುಗನೊಬ್ಬ ಮೂರಂಕಿಯ ಸಂಖ್ಯೆಗಳಲ್ಲಿ ವಾರಕ್ಕೆ ಸರಾಸರಿ 2,000 ಲೆಕ್ಕಗಳನ್ನು ಮಾಡುತ್ತಿದ್ದನೆಂದೂ, ತಪ್ಪಾದ ಲೆಕ್ಕಗಳನ್ನು ಎಣಿಕೆಗೆ ಹಿಡಿಯುತ್ತಿರಲಿಲ್ಲವೆಂದೂ ರಿಚರ್ಡ್‌ಸನ್ ದಾಖಲಿಸಿದ್ದಾರೆ. ಈ ಪ್ರಬಂಧವನ್ನು 1911ರಲ್ಲಿ ರಾಯಲ್ ಸೊಸೈಟಿ ಪ್ರಕಟಿಸಿತು. ಆದರೆ ಇದೇ ಕೃತಿಯನ್ನು ಮುಂದಿಟ್ಟು ಕಿಂಗ್ಸ್ ಕಾಲೇಜಿನ ಫೆಲೋ ಸ್ಥಾನಕ್ಕಾಗಿ ಅವರು ಮಾಡಿದ ಪ್ರಯತ್ನ ಸಫಲವಾಗಲಿಲ್ಲ. ಸುಮಾರು ಉತ್ತರಗಳನ್ನು ಕೊಡುವ ಗಣಿತಕ್ಕೆ ಆಗಿನ ವಿದ್ವಾಂಸರಲ್ಲಿ ಹೆಚ್ಚಿನ ಗೌರವ ಇರಲಿಲ್ಲ.

ವಿವಾಹ

1909ರಲ್ಲಿ ರಿಚರ್ಡ್‌ಸನ್ ಅವರು ಡೊರೊಥಿ ಗಾರ್ನೆಟ್ ಅವರನ್ನು ವಿವಾಹವಾದರು. ಡೊರೊಥಿಯವರ ತಂದೆ ವಿಲಿಯಂ ಗಾರ್ನೆಟ್ ಅವರು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರ ಸಹಾಯಕರಾಗಿದ್ದವರು. ದಂಪತಿಗಳಿಗೆ ಸ್ವಂತ ಮಕ್ಕಳಾಗಲಿಲ್ಲ. 1920ರ ದಶಕದಲ್ಲಿ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಹೆಣ್ಣುಮಗಳನ್ನೂ ದತ್ತು ಪಡೆದರು. ಪತಿಯ ಪ್ರಯೋಗಗಳಲ್ಲಿ ಡೊರೊಥಿ ಹಲವು ಸಲ ನೆರವಾಗಿದ್ದಾರೆ.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ಬಡಿದು ಮುಳುಗಿದ ಸುದ್ದಿ ಬಂದಾಗ, ಶಬ್ದದ ಪ್ರತಿಧ್ವನಿಯಿಂದ ಎದುರಿನ ಅಡಚಣೆಯನ್ನು ಗುರುತಿಸುವ ಸಾಧನವೊಂದನ್ನು ರಿಚರ್ಡ್‌ಸನ್ ಯೋಚಿಸಿದರು. ಗಾಳಿಯಲ್ಲಿ ಸಾಗುವ ಶಬ್ದಕ್ಕೆ ಒಂದು, ನೀರಿನೊಳಗೆ ಸಾಗುವ ಶಬ್ದಕ್ಕೆ ಮತ್ತೊಂದು ಹೀಗೆ ಎರಡು ಪೇಟೆಂಟುಗಳಿಗೆ ಅರ್ಜಿ ಸಲ್ಲಿಸಿದರು. ಅದನ್ನು ಉತ್ಪಾದಿಸಲು ಯಾರೂ ಮುಂದೆ ಬರಲಿಲ್ಲ. ಆದರೆ ಮುಂದೆ ಇತರರು ರೂಪಿಸಿದ ಸೋನಾರ್ ಸಾಧನಗಳ ತತ್ವ ಇದೇ ಆಗಿತ್ತು.

ಹವಾಮಾನ ಇಲಾಖೆಯಲ್ಲಿ

1913ರಲ್ಲಿ ರಿಚರ್ಡ್‌ಸನ್ ಬ್ರಿಟನ್ನಿನ ಹವಾಮಾನ ಇಲಾಖೆಯನ್ನು ಸೇರಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾದರು. ಜನವಸತಿಯಿಂದ ದೂರವಿದ್ದ, ಮಳೆ ಹೆಚ್ಚಿದ್ದ ಆ ಸ್ಥಳದಲ್ಲಿ ಅವರಿಗೆ ಆಲೋಚಿಸಲು ಸಮಯ ದೊರೆಯಿತು.

ಆ ಕಾಲದ ಮುನ್ಸೂಚನೆ ಹಳೆಯ ನಕ್ಷೆಗಳ ನೆನಪನ್ನು ಆಧರಿಸಿತ್ತು. ಇಂದಿನ ಹವಾಮಾನ ನಕ್ಷೆಯನ್ನು ಹೋಲುವ ಹಿಂದಿನ ನಕ್ಷೆಯೊಂದನ್ನು ಹುಡುಕಿ, ಆಗ ನಡೆದಂತೆಯೇ ಈಗಲೂ ನಡೆಯುವುದೆಂದು ಊಹಿಸಲಾಗುತ್ತಿತ್ತು. ಗ್ರಹಣಗಳನ್ನು ಲೆಕ್ಕಹಾಕುವ ಖಗೋಳಜ್ಞರು ಹಾಗೆ ಮಾಡುವುದಿಲ್ಲವೆಂಬುದು ರಿಚರ್ಡ್‌ಸನ್ ಅವರ ಆಕ್ಷೇಪ. ನಾರ್ವೆಯ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಅವರು 1904ರಲ್ಲಿಯೇ ಹವೆಯ ಮುನ್ಸೂಚನೆ ಭೌತನಿಯಮಗಳ ಸಮಸ್ಯೆಯೆಂದು ಪ್ರತಿಪಾದಿಸಿ, ನಕ್ಷೆಗಳ ಮೇಲೆ ರೇಖೆ ಎಳೆದು ಉತ್ತರ ಪಡೆಯುವ ಮಾರ್ಗವನ್ನು ಸೂಚಿಸಿದ್ದರು. ರಿಚರ್ಡ್‌ಸನ್ ಅದೇ ಗುರಿಗೆ ಅಂಕಗಣಿತದ ದಾರಿಯನ್ನು ಹಿಡಿದರು. ಅಣೆಕಟ್ಟಿಗೆ ಹಾಸಿದ ಬಲೆಯನ್ನು ಅವರು ಈಗ ಭೂಮಿಯ ವಾತಾವರಣಕ್ಕೆ ಹಾಸಬೇಕಾಗಿತ್ತು.

ರಣರಂಗದಲ್ಲಿ ಮಾಡಿದ ಲೆಕ್ಕ

1914ರಲ್ಲಿ ಮೊದಲ ಮಹಾಯುದ್ಧ ಪ್ರಾರಂಭವಾಯಿತು. ಕ್ವೇಕರ್ ಆದ ರಿಚರ್ಡ್‌ಸನ್ ಆಯುಧ ಹಿಡಿಯಲು ಒಪ್ಪಲಿಲ್ಲ. ಸುರಕ್ಷಿತವಾಗಿ ವೀಕ್ಷಣಾಲಯದಲ್ಲಿ ಕುಳಿತಿರಲೂ ಅವರ ಮನಸ್ಸು ಒಪ್ಪಲಿಲ್ಲ. 1916ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು, ಕ್ವೇಕರ್ ಪಂಥದವರು ಕಟ್ಟಿದ್ದ ಆಂಬುಲೆನ್ಸ್ ದಳವನ್ನು ಸೇರಿ ಫ್ರಾನ್ಸಿಗೆ ಹೋದರು. ಫ್ರೆಂಚ್ ಪದಾತಿಸೇನೆಯ ಒಂದು ವಿಭಾಗಕ್ಕೆ ಸೇರಿಸಲಾಗಿದ್ದ ಆ ತಂಡದಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನದ ಚಾಲಕರಾಗಿ 1919ರವರೆಗೆ ದುಡಿದರು.

ಹವಾಮಾನ ಗ್ರಂಥದ ಮೊದಲ ಕರಡು ಆಗಲೇ ಸಿದ್ಧವಾಗಿತ್ತು. ವಿಧಾನವನ್ನು ನಿಜವಾದ ಉದಾಹರಣೆಯೊಂದರಿಂದ ತೋರಿಸುವ ಕೆಲಸ ಮಾತ್ರ ಬಾಕಿ ಇತ್ತು. ಇದಕ್ಕಾಗಿ ಅವರು ಆರಿಸಿಕೊಂಡದ್ದು 1910ರ ಮೇ 20ರ ಬೆಳಗಿನ 7 ಗಂಟೆ. ಅಂದು ಯುರೋಪಿನ ಹಲವೆಡೆ ಬಲೂನುಗಳನ್ನು ಹಾರಿಸಿ ಮೇಲಿನ ವಾಯುಸ್ತರಗಳ ಅಳತೆಗಳನ್ನು ಪಡೆಯಲಾಗಿತ್ತು. ಬ್ಯರ್ಕ್‌ನೆಸ್ ಆ ಅಳತೆಗಳನ್ನು ನಕ್ಷೆಗಳಾಗಿ ಪ್ರಕಟಿಸಿದ್ದರು. ರಿಚರ್ಡ್‌ಸನ್ ಮಧ್ಯ ಯುರೋಪಿನ ಮೇಲೆ ಚದುರಂಗದ ಹಲಗೆಯಂಥ ಬಲೆಯನ್ನು ಹಾಸಿದರು. ಒಂದು ಮನೆ ಬಿಟ್ಟು ಒಂದರಲ್ಲಿ ವಾಯುಭಾರ, ಉಳಿದವುಗಳಲ್ಲಿ ಗಾಳಿಯ ವೇಗ. ನೆಲದಿಂದ ಮೇಲಕ್ಕೆ ಐದು ಸ್ತರಗಳು. ನಕ್ಷೆಯ ರೇಖೆಗಳಿಂದ ಪ್ರತಿ ಮನೆಯ ಬೆಲೆಯನ್ನು ಓದಿ ಕೋಷ್ಟಕಗಳಲ್ಲಿ ತುಂಬಿದರು. ಲೆಕ್ಕಕ್ಕೆಂದೇ 23 ನಮೂನೆಗಳನ್ನು ರಚಿಸಿದರು. ಜರ್ಮನಿಯ ಮ್ಯೂನಿಕ್ ನಗರದ ಸುತ್ತಲಿನ ಎರಡು ಮನೆಗಳಲ್ಲಿ ಆರು ಗಂಟೆಗಳ ಅವಧಿಯಲ್ಲಿ ಉಂಟಾಗುವ ಬದಲಾವಣೆಯನ್ನು ಕಂಡುಹಿಡಿಯುವುದಷ್ಟೇ ಗುರಿ. ನಮೂನೆಗಳನ್ನು ಸಿದ್ಧಪಡಿಸಿ ಲೆಕ್ಕ ಮುಗಿಸಲು ಆರು ವಾರಗಳು ಬೇಕಾದವು. ದಳದ ವಿಶ್ರಾಂತಿ ಸಮಯದಲ್ಲಿ, ಚಳಿಯ ಕೊಠಡಿಯೊಂದರಲ್ಲಿ ಹುಲ್ಲಿನ ರಾಶಿಯೇ ಅವರ ಮೇಜಾಗಿತ್ತು.

1917ರ ಏಪ್ರಿಲ್‌ನಲ್ಲಿ ಷಾಂಪೇನ್ ಕದನದ ವೇಳೆ ಹಸ್ತಪ್ರತಿಯನ್ನು ಹಿಂದಿನ ನೆಲೆಗೆ ಕಳುಹಿಸಲಾಯಿತು. ಅಲ್ಲಿ ಅದು ಕಳೆದುಹೋಯಿತು. ಕೆಲವು ತಿಂಗಳುಗಳ ಬಳಿಕ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯೊಂದರ ಕೆಳಗೆ ಪತ್ತೆಯಾಯಿತು. ಹೀಗೆ ಉಳಿದುಬಂದ ಗ್ರಂಥವು ವೆದರ್ ಪ್ರಿಡಿಕ್ಷನ್ ಬೈ ನ್ಯೂಮೆರಿಕಲ್ ಪ್ರೊಸೆಸ್ ಎಂಬ ಹೆಸರಿನಿಂದ 1922ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯದ ಮೂಲಕ ಹೊರಬಂತು.

ತಪ್ಪಾದ ಉತ್ತರ

ಲೆಕ್ಕದ ಪ್ರಕಾರ ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್‌ನಷ್ಟು ಏರಬೇಕಾಗಿತ್ತು. ನೆಲಮಟ್ಟದ ವಾಯುಭಾರ ಸಾಮಾನ್ಯವಾಗಿ ಸುಮಾರು 1,000 ಮಿಲಿಬಾರ್. ದೊಡ್ಡ ಚಂಡಮಾರುತ ಹಾದುಹೋದಾಗಲೂ ಅದು ಕೆಲವು ಹತ್ತುಗಳಷ್ಟು ಮಾತ್ರ ಬದಲಾಗುತ್ತದೆ. ಅಂದಿನ ದಿನವಂತೂ ವಾಯುಭಾರ ಬಹುಮಟ್ಟಿಗೆ ಸ್ಥಿರವಾಗಿಯೇ ಇತ್ತು. ಉತ್ತರ ಅಸಂಭವವೆಂಬುದು ರಿಚರ್ಡ್‌ಸನ್ ಅವರಿಗೆ ತಿಳಿದಿತ್ತು. ಆದರೂ ಉದಾಹರಣೆಯನ್ನು ಬದಲಿಸಲಿಲ್ಲ, ಅಂಕಿಯನ್ನು ತಿದ್ದಲಿಲ್ಲ. ಪ್ರತಿಯೊಂದು ನಮೂನೆಯನ್ನೂ ತುಂಬಿದಂತೆಯೇ ಮುದ್ರಿಸಿ, ಪ್ರಾರಂಭದ ಗಾಳಿಯ ಅಳತೆಗಳಲ್ಲಿರುವ ದೋಷವೇ ಇದಕ್ಕೆ ಕಾರಣವಿರಬೇಕೆಂದು ಸೂಚಿಸಿದರು.

ಅವರ ಊಹೆ ಸತ್ಯಕ್ಕೆ ಸಮೀಪವಾಗಿತ್ತು. ವಾತಾವರಣದಲ್ಲಿ ವಾಯುಭಾರ ಮತ್ತು ಗಾಳಿ ಒಂದಕ್ಕೊಂದು ಹೊಂದಿಕೊಂಡು ಸಮತೋಲದಲ್ಲಿರುತ್ತವೆ. ಅಳತೆಯ ಸಣ್ಣ ದೋಷಗಳು ಈ ಸಮತೋಲವನ್ನು ಕೆಡಿಸಿದರೆ, ಲೆಕ್ಕದೊಳಗೆ ವೇಗವಾಗಿ ಏರಿಳಿಯುವ ಗುರುತ್ವ ಅಲೆಗಳು ಹುಟ್ಟಿಕೊಳ್ಳುತ್ತವೆ. ಕೆರೆಯ ನೀರಿನ ಮಟ್ಟವನ್ನು ಅಳೆಯಲು ಹೋದವನು ಕ್ಷಣಿಕ ಅಲೆಯೊಂದರ ಏರಿಕೆಯನ್ನು ಕಂಡು, ಕೆರೆಯೇ ತುಂಬುತ್ತಿದೆಯೆಂದು ಆರು ಗಂಟೆಗಳಿಗೆ ಗುಣಿಸಿದಂತೆ ಆಗಿತ್ತು ಆ ಫಲಿತಾಂಶ. ಎಷ್ಟೋ ವರ್ಷಗಳ ಬಳಿಕ ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಅದೇ ಅಳತೆಗಳನ್ನು ಗಣಕಯಂತ್ರಕ್ಕೆ ಕೊಟ್ಟು ಲೆಕ್ಕವನ್ನು ಮರಳಿ ಮಾಡಿದರು. ಮೊದಲಿಗೆ ರಿಚರ್ಡ್‌ಸನ್ ಅವರ ಉತ್ತರವೇ ಬಂತು. ಪ್ರಾರಂಭದ ಅಂಕಿಗಳಿಂದ ಈ ಅಲೆಗಳನ್ನು ಸೋಸಿ ತೆಗೆದಾಗ ವಾಸ್ತವಕ್ಕೆ ಹತ್ತಿರದ ಉತ್ತರ ಬಂತು. ಅಂದರೆ ಕೈಯಿಂದ ಮಾಡಿದ ಅಂಕಗಣಿತ ಬಹುಮಟ್ಟಿಗೆ ಸರಿಯಾಗಿತ್ತು, ವಿಧಾನವೂ ಸರಿಯಾಗಿತ್ತು. ರಿಚರ್ಡ್‌ಸನ್ ತಮ್ಮ ತಪ್ಪನ್ನು ಪೂರ್ಣ ವಿವರಗಳೊಡನೆ ಮುದ್ರಿಸಿದ್ದರಿಂದಲೇ ಈ ಪರಿಶೀಲನೆ ಸಾಧ್ಯವಾಯಿತು.

ಮುನ್ಸೂಚನಾ ಕಾರ್ಖಾನೆ

ಗ್ರಂಥದಲ್ಲಿ ರಿಚರ್ಡ್‌ಸನ್ ಒಂದು ಕಲ್ಪನೆಯನ್ನೂ ಮುಂದಿಟ್ಟಿದ್ದಾರೆ. ಇಡೀ ಭೂಮಿಯ ಹವೆಯನ್ನು, ಅದು ಬದಲಾಗುವ ವೇಗದಲ್ಲಿಯೇ ಲೆಕ್ಕಹಾಕಲು ಎಷ್ಟು ಜನ ಬೇಕು ಎಂದು ಅವರು ಎಣಿಸಿದರು. ಅವರ ಅಂದಾಜು 64,000 ಜನ. ಇಷ್ಟು ಜನರು ಕುಳಿತು ಕೆಲಸ ಮಾಡುವ ಸಭಾಂಗಣವೊಂದನ್ನು ಅವರು ವರ್ಣಿಸಿದರು. ಗೋಳಾಕಾರದ ಆ ರಂಗಮಂದಿರದ ಒಳಗೋಡೆಯ ಮೇಲೆ ಭೂಪಟ. ಚಾವಣಿಯಲ್ಲಿ ಉತ್ತರಧ್ರುವ, ಕೆಳಗಿನ ಅಂಕಣದಲ್ಲಿ ಅಂಟಾರ್ಕ್ಟಿಕ. ಪ್ರತಿಯೊಬ್ಬರೂ ತಾವು ಕುಳಿತಿರುವ ಪ್ರದೇಶದ ಹವೆಯನ್ನು ಲೆಕ್ಕ ಮಾಡುತ್ತಾರೆ. ಪಕ್ಕದವರು ಓದಿಕೊಳ್ಳಲೆಂದು ಉತ್ತರಗಳನ್ನು ಬೆಳಗುವ ಫಲಕಗಳಲ್ಲಿ ತೋರಿಸಲಾಗುತ್ತದೆ. ನಡುವೆ ಎತ್ತರದ ಕಂಬದ ಮೇಲೆ ನಿಂತ ಮೇಲ್ವಿಚಾರಕನು, ವಾದ್ಯವೃಂದದ ನಿರ್ದೇಶಕನಂತೆ, ಮುಂದೆ ಓಡುತ್ತಿರುವ ಪ್ರದೇಶದ ಮೇಲೆ ಗುಲಾಬಿ ಬಣ್ಣದ ಬೆಳಕನ್ನೂ, ಹಿಂದುಳಿದಿರುವ ಪ್ರದೇಶದ ಮೇಲೆ ನೀಲಿ ಬೆಳಕನ್ನೂ ಬೀರುತ್ತಾನೆ. ಹೊರಗೆ ಆಟದ ಮೈದಾನ, ಬೆಟ್ಟ, ಸರೋವರಗಳು. ಹವೆಯನ್ನು ಲೆಕ್ಕ ಮಾಡುವವರು ಅದನ್ನು ನಿರಾಳವಾಗಿ ಉಸಿರಾಡಲೂಬೇಕೆಂಬುದು ಅವರ ಆಶಯ.

ಈ ಕಲ್ಪನೆಯನ್ನು ಗಣಕ ವಿಜ್ಞಾನಿಗಳು ಎರಡು ಕಾರಣಗಳಿಗಾಗಿ ಸ್ಮರಿಸುತ್ತಾರೆ. ದೊಡ್ಡ ಲೆಕ್ಕವೊಂದನ್ನು ಅನೇಕರಿಗೆ ಹಂಚಿ, ಅಕ್ಕಪಕ್ಕದವರ ನಡುವೆ ಮಾತ್ರ ಅಂಕಿಗಳ ವಿನಿಮಯ ನಡೆಸುವ ಏರ್ಪಾಡು ಇಂದಿನ ಸೂಪರ್ ಕಂಪ್ಯೂಟರುಗಳ ಸಮಾಂತರ ಗಣನೆಯದೇ ಆಗಿದೆ. ಎರಡನೆಯದಾಗಿ, ನಡೆಯುತ್ತಿರುವ ಲೆಕ್ಕವನ್ನು ಭೂಪಟದ ಮೇಲೆ ಅದರದರ ಸ್ಥಾನದಲ್ಲಿಯೇ ಇಟ್ಟು, ಬಣ್ಣದ ಬೆಳಕಿನಿಂದ ಅದರ ಸ್ಥಿತಿಯನ್ನು ಒಂದೇ ನೋಟಕ್ಕೆ ತಿಳಿಸುವ ಯೋಜನೆ ಅದರಲ್ಲಿದೆ. ಸಾವಿರಾರು ಸಂಖ್ಯೆಗಳನ್ನು ಒಬ್ಬ ಮನುಷ್ಯನು ಓದಿ ಗ್ರಹಿಸಲಾರನೆಂಬುದನ್ನು ರಿಚರ್ಡ್‌ಸನ್ ಸ್ವಂತ ಅನುಭವದಿಂದ ಅರಿತಿದ್ದರು.

ರಾಜೀನಾಮೆ ಮತ್ತು ಅಧ್ಯಾಪಕ ವೃತ್ತಿ

ಯುದ್ಧದ ಬಳಿಕ ರಿಚರ್ಡ್‌ಸನ್ ಹವಾಮಾನ ಇಲಾಖೆಗೆ ಮರಳಿ, ಇಂಗ್ಲೆಂಡಿನ ಬೆನ್ಸನ್ ಎಂಬಲ್ಲಿ ಸಂಶೋಧನೆ ಮುಂದುವರಿಸಿದರು. 1920ರಲ್ಲಿ ಇಲಾಖೆಯು ವಾಯುಪಡೆಯ ವ್ಯವಹಾರಗಳನ್ನು ನೋಡಿಕೊಳ್ಳುವ ಸಚಿವಾಲಯದ ಆಡಳಿತಕ್ಕೆ ಒಳಪಟ್ಟಿತು. ಯುದ್ಧದೊಡನೆ ಸಂಬಂಧವುಳ್ಳ ಸಂಸ್ಥೆಯಲ್ಲಿ ಇರಲು ಮನಸ್ಸಾಕ್ಷಿ ಒಪ್ಪದೆ ಅವರು ರಾಜೀನಾಮೆ ನೀಡಿದರು. ಆಗಿನ್ನೂ ಗ್ರಂಥ ಪ್ರಕಟವಾಗಿರಲಿಲ್ಲ. ತಮಗೆ ಪ್ರಿಯವಾದ ವಿಜ್ಞಾನಕ್ಕೆ ಅನುಕೂಲವಾದ ಏಕೈಕ ಹುದ್ದೆಯನ್ನು ಅವರು ಬಿಟ್ಟುಕೊಟ್ಟಂತಾಯಿತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ 1929ರವರೆಗೆ, ಬಳಿಕ ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿ 1940ರವರೆಗೆ ಕೆಲಸ ಮಾಡಿದರು.

ಬೋಧನೆಯ ನಡುವೆಯೂ ಸಂಶೋಧನೆ ನಿಲ್ಲಲಿಲ್ಲ. ಗಾಳಿಯ ಪ್ರಕ್ಷುಬ್ಧ ಚಲನೆಯಲ್ಲಿ ದೊಡ್ಡ ಸುಳಿಗಳಿಂದ ಸಣ್ಣ ಸುಳಿಗಳಿಗೆ ಶಕ್ತಿ ಹರಿದು, ಕೊನೆಗೆ ಘರ್ಷಣೆಯಲ್ಲಿ ಲೀನವಾಗುತ್ತದೆಂಬ ಅವರ ಚಿತ್ರಣ ಇಂದಿಗೂ ಪಠ್ಯಗಳಲ್ಲಿದೆ. ವಾಯುಸ್ತರಗಳಲ್ಲಿ ಪ್ರಕ್ಷುಬ್ಧತೆ ಬೆಳೆಯುವುದೋ ಅಡಗುವುದೋ ಎಂಬುದನ್ನು ಸೂಚಿಸುವ ಸಂಖ್ಯೆಗೆ ರಿಚರ್ಡ್‌ಸನ್ ಸಂಖ್ಯೆ ಎಂದೇ ಹೆಸರು. ಒಂದೇ ಲೆಕ್ಕವನ್ನು ದಪ್ಪ ಬಲೆಯಲ್ಲಿಯೂ ಸೂಕ್ಷ್ಮ ಬಲೆಯಲ್ಲಿಯೂ ಮಾಡಿ, ಎರಡೂ ಉತ್ತರಗಳಿಂದ ಇನ್ನೂ ನಿಖರವಾದ ಉತ್ತರವನ್ನು ಪಡೆಯುವ ಅವರ ಉಪಾಯವನ್ನು ಇಂದಿಗೂ ಗಣಕ ಲೆಕ್ಕಗಳ ದೋಷವನ್ನು ಅಂದಾಜು ಮಾಡಲು ಬಳಸಲಾಗುತ್ತದೆ. 1926ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಯುದ್ಧಗಳ ಗಣಿತ

1920ರ ದಶಕದ ಕೊನೆಯ ವೇಳೆಗೆ ರಿಚರ್ಡ್‌ಸನ್ ಅವರ ಗಮನ ಹವಾಮಾನದಿಂದ ಮನಃಶಾಸ್ತ್ರದ ಕಡೆಗೂ, ಯುದ್ಧಗಳ ಕಾರಣಗಳ ಕಡೆಗೂ ತಿರುಗಿತು. 1929ರಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಮನಃಶಾಸ್ತ್ರದ ಪದವಿ ಪಡೆದರು. ಎರಡು ರಾಷ್ಟ್ರಗಳು ಪರಸ್ಪರ ಭಯದಿಂದ ಶಸ್ತ್ರಾಸ್ತ್ರಗಳನ್ನು ಹೆಚ್ಚಿಸಿಕೊಳ್ಳುವ ಪೈಪೋಟಿಯನ್ನು ಅವಕಲ ಸಮೀಕರಣಗಳ ಜೋಡಿಯೊಂದರಿಂದ ವಿವರಿಸಿದರು.

1820ರ ನಂತರ ನಡೆದ ಯುದ್ಧಗಳ ವಿವರಗಳನ್ನು ಅವರು ಬಹಳ ವರ್ಷ ಶ್ರಮಿಸಿ ಸಂಗ್ರಹಿಸಿದರು. ಒಂದು ಕೊಲೆಯಿಂದ ಹಿಡಿದು ಮಹಾಯುದ್ಧದವರೆಗಿನ ಎಲ್ಲ ಮಾರಕ ಕಲಹಗಳನ್ನೂ ಸತ್ತವರ ಸಂಖ್ಯೆಯ ಲಾಗರಿತಮ್ಮಿನಿಂದ ಅಳೆದರು. ಸಾವಿರ ಜನ ಸತ್ತ ಕಲಹದ ಪ್ರಮಾಣ 3, ಹತ್ತು ಲಕ್ಷ ಜನ ಸತ್ತದ್ದರ ಪ್ರಮಾಣ 6. ಹೀಗೆ ಅಳೆದಾಗ ಪ್ರಮಾಣ 7ರ ಆಸುಪಾಸಿನಲ್ಲಿ ಬಂದವು ಎರಡು ಮಹಾಯುದ್ಧಗಳು ಮಾತ್ರ. ಯುದ್ಧಗಳು ಆರಂಭವಾಗುವ ಕಾಲಗಳಲ್ಲಿ ಯಾವ ಕ್ರಮವೂ ಇಲ್ಲ, ಅವು ಯಾದೃಚ್ಛಿಕ ಘಟನೆಗಳಂತೆ ಹಂಚಿಹೋಗಿವೆ ಎಂಬುದು ಅವರಿಗೆ ತಿಳಿದುಬಂತು. ಈ ವಿಷಯದ ಅವರ ಎರಡು ಮುಖ್ಯ ಗ್ರಂಥಗಳು ಮುದ್ರಿತ ರೂಪದಲ್ಲಿ ಹೊರಬಂದದ್ದು ಅವರ ಮರಣಾನಂತರ, 1960ರಲ್ಲಿ.

ಗಡಿ ಮತ್ತು ಕರಾವಳಿಗಳ ಉದ್ದ

ಗಡಿಯನ್ನು ಹಂಚಿಕೊಂಡ ದೇಶಗಳ ನಡುವೆ ಯುದ್ಧ ಹೆಚ್ಚೇ ಎಂದು ಪರಿಶೀಲಿಸಲು ಹೊರಟಾಗ ರಿಚರ್ಡ್‌ಸನ್ ಅವರಿಗೆ ವಿಚಿತ್ರವೊಂದು ಕಂಡಿತು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿಯ ಉದ್ದ ಒಂದು ಆಕರದಲ್ಲಿ 987 ಕಿಲೋಮೀಟರ್ ಎಂದಿದ್ದರೆ ಮತ್ತೊಂದರಲ್ಲಿ 1,214 ಕಿಲೋಮೀಟರ್ ಎಂದಿತ್ತು. ಭೂಪಟದ ಮೇಲೆ ಕೈವಾರವನ್ನು ನಡೆಸಿ ಅಳೆದಾಗ, ಹೆಜ್ಜೆ ಚಿಕ್ಕದಾದಷ್ಟೂ ಅಂಕುಡೊಂಕುಗಳು ಹೆಚ್ಚಾಗಿ ಲೆಕ್ಕಕ್ಕೆ ಬಂದು ಉದ್ದ ಬೆಳೆಯುತ್ತದೆಂದು ಅವರು ತೋರಿಸಿದರು. ಹೆಜ್ಜೆಯ ಅಳತೆಯನ್ನೂ ಒಟ್ಟು ಉದ್ದವನ್ನೂ ಲಾಗರಿತಮ್ ಪ್ರಮಾಣದ ನಕ್ಷೆಯಲ್ಲಿ ಗುರುತಿಸಿದಾಗ ಬಿಂದುಗಳು ಸರಳರೇಖೆಯಲ್ಲಿ ನಿಂತವು. ದಕ್ಷಿಣ ಆಫ್ರಿಕದ ನಯವಾದ ಕರಾವಳಿಗೆ ರೇಖೆ ಬಹುಮಟ್ಟಿಗೆ ಸಮತಲ. ಬ್ರಿಟನ್ನಿನ ಕೊರಕಲಾದ ಪಶ್ಚಿಮ ತೀರಕ್ಕೆ ಇಳಿಜಾರು ಹೆಚ್ಚು. 1961ರಲ್ಲಿ ಪ್ರಕಟವಾದ ಈ ಬರಹ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಅವರ ಕಣ್ಣಿಗೆ ಬಿತ್ತು. ಬ್ರಿಟನ್ನಿನ ಕರಾವಳಿಯ ಉದ್ದದ ಬಗ್ಗೆ 1967ರಲ್ಲಿ ಅವರು ಬರೆದ ಪ್ರಸಿದ್ಧ ಲೇಖನಕ್ಕೂ, ಮುಂದೆ ಫ್ರ್ಯಾಕ್ಟಲ್ ರೇಖಾಗಣಿತಕ್ಕೂ ಇದು ಒಂದು ಆಧಾರವಾಯಿತು.

ಎನಿಯಾಕ್ ಯಂತ್ರದ ನಕ್ಷೆಗಳು

1950ರಲ್ಲಿ ಅಮೆರಿಕದ ಜೂಲ್ ಚಾರ್ನಿ, ಜಾನ್ ಫಾನ್ ನಾಯ್ಮನ್ ಹಾಗೂ ನಾರ್ವೆಯ ರಾಗ್ನರ್ ಫ್ಯೋರ್ಟಾಫ್ಟ್ ಅವರು ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಗಣಕಯಂತ್ರದಲ್ಲಿ ಹವಾಮಾನದ ಲೆಕ್ಕವನ್ನು ಯಶಸ್ವಿಯಾಗಿ ಮಾಡಿದರು. ರಿಚರ್ಡ್‌ಸನ್ ಅವರ ಲೆಕ್ಕವನ್ನು ಕೆಡಿಸಿದ್ದ ವೇಗದ ಅಲೆಗಳು ಹುಟ್ಟದಂತೆ ಅವರು ಸರಳಗೊಳಿಸಿದ ಸಮೀಕರಣವನ್ನು ಆರಿಸಿಕೊಂಡಿದ್ದರು. 24 ಗಂಟೆಗಳ ಮುನ್ಸೂಚನೆಗೆ ಸುಮಾರು 24 ಗಂಟೆಗಳೇ ಬೇಕಾದವು. ಫಲಿತಾಂಶಗಳು ಸಮೋನ್ನತ ರೇಖೆಗಳ ನಕ್ಷೆಗಳಾಗಿ ಅದೇ ವರ್ಷ ಪ್ರಕಟವಾದವು.

ಲೇಖನ ರಿಚರ್ಡ್‌ಸನ್ ಅವರ ಕೈಸೇರಿದಾಗ ಅವರು ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಿದರು. ಪ್ರತಿ ಮುನ್ಸೂಚನೆಗೆ ಸಂಬಂಧಿಸಿ ಮೊದಲ ದಿನದ ನಕ್ಷೆ, ಮರುದಿನದ ನಿಜವಾದ ನಕ್ಷೆ, ಯಂತ್ರ ಲೆಕ್ಕಹಾಕಿದ ಮರುದಿನದ ನಕ್ಷೆ ಇದ್ದವು. ಯಾವುದು ಯಾವುದೆಂಬ ವಿವರಣೆಯನ್ನು ಮುಚ್ಚಿಟ್ಟು, ಮೊದಲ ದಿನದ ನಕ್ಷೆ ಮತ್ತು ಯಂತ್ರದ ನಕ್ಷೆ ಇವೆರಡರಲ್ಲಿ ಯಾವುದು ಮರುದಿನದ ನಿಜವಾದ ನಕ್ಷೆಯನ್ನು ಹೆಚ್ಚು ಹೋಲುತ್ತದೆಂದು ಪತ್ನಿ ಡೊರೊಥಿಯವರನ್ನು ಕೇಳಿದರು. ಹವೆ ಬದಲಾಗದೆ ಹಾಗೆಯೇ ಇರುತ್ತದೆ ಎಂಬ ಬರಿಯ ಊಹೆಗಿಂತ ಯಂತ್ರದ ಲೆಕ್ಕ ಮೇಲೇ ಎಂಬುದು ಪ್ರಶ್ನೆಯ ತಿರುಳು. ಡೊರೊಥಿಯವರ ತೀರ್ಪು ಒಟ್ಟಿನಲ್ಲಿ ಯಂತ್ರದ ಕಡೆಗೆ ಸ್ವಲ್ಪವೇ ವಾಲಿತು. ಇದನ್ನು ರಿಚರ್ಡ್‌ಸನ್ ಪತ್ರದ ಮೂಲಕ ಚಾರ್ನಿಯವರಿಗೆ ತಿಳಿಸಿ ಅಭಿನಂದಿಸಿದರು. ತಮ್ಮ 1922ರ ಫಲಿತಾಂಶ ಒಂದೇ ಒಂದು ಮತ್ತು ಪೂರ್ತಿ ತಪ್ಪೆಂದು ಒಪ್ಪಿಕೊಂಡು, ಅದಕ್ಕೆ ಹೋಲಿಸಿದರೆ ಇದು ಅಪಾರ ಮುನ್ನಡೆಯೆಂದು ಪ್ರಶಂಸಿಸಿದರು.

ನಿಧನ

1940ರಲ್ಲಿ ಸ್ವಯಂ ನಿವೃತ್ತರಾದ ರಿಚರ್ಡ್‌ಸನ್ 1943ರಿಂದ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಕಿಲ್ಮನ್ ಗ್ರಾಮದಲ್ಲಿ ನೆಲೆಸಿದ್ದರು. ಅಲ್ಲಿನ ಕಡಲತೋಳಿನ ನೀರಿನ ಮೇಲೆ ಪಾರ್ಸ್‌ನಿಪ್ ಎಂಬ ಗೆಡ್ಡೆಯ ತುಂಡುಗಳನ್ನು ತೇಲಿಬಿಟ್ಟು, ಅವು ಒಂದರಿಂದೊಂದು ದೂರವಾಗುವ ರೀತಿಯನ್ನು ಅಮೆರಿಕದ ಸಾಗರ ವಿಜ್ಞಾನಿ ಹೆನ್ರಿ ಸ್ಟಾಮೆಲ್ ಅವರೊಡನೆ ಅಳೆದರು. ಈ ಅಧ್ಯಯನ 1948ರಲ್ಲಿ ಪ್ರಕಟವಾಯಿತು. 1953ರ ಸೆಪ್ಟೆಂಬರ್ 30ರಂದು ರಿಚರ್ಡ್‌ಸನ್ ನಿದ್ರೆಯಲ್ಲಿಯೇ ನಿಧನರಾದರು. ಆಗ ಅವರಿಗೆ 71 ವರ್ಷ.

ಪ್ರಭಾವ ಮತ್ತು ಗೌರವಗಳು

ಇಂದು ಹವಾಮಾನ, ಸಾಗರ ಪ್ರವಾಹ, ವಿಮಾನದ ರೆಕ್ಕೆಯ ಸುತ್ತಲಿನ ಗಾಳಿ ಮೊದಲಾದವುಗಳನ್ನು ಸೂಪರ್ ಕಂಪ್ಯೂಟರುಗಳು ಕೋಟ್ಯಂತರ ಬಿಂದುಗಳ ಬಲೆಗಳಲ್ಲಿ ಲೆಕ್ಕಹಾಕುತ್ತವೆ. ಹೊರಬರುವ ಅಂಕಿಗಳನ್ನು ಸಮರೇಖೆಗಳು, ಬಣ್ಣದ ಛಾಯೆಗಳು, ಪ್ರವಾಹರೇಖೆಗಳು ಹಾಗೂ ಚಲಿಸುವ ಚಿತ್ರಗಳಾಗಿ ಪರಿವರ್ತಿಸಿದಾಗಲೇ ವಿಜ್ಞಾನಿಗಳಿಗೆ ಅವುಗಳ ಅರ್ಥ ತಿಳಿಯುತ್ತದೆ, ದೋಷವಿದ್ದರೆ ಕಣ್ಣಿಗೆ ಬೀಳುತ್ತದೆ. ಜೌಗುನೆಲದ ನೀರಿಗಾಗಿ ಎಳೆದ ರೇಖೆಗಳು, ಕಾರ್ಖಾನೆಯ ಎರಡು ಬಣ್ಣದ ಬೆಳಕುಗಳು, ಗುರುತು ಮುಚ್ಚಿಟ್ಟು ಹೋಲಿಸಿದ ನಕ್ಷೆಗಳು ಇವು ಈ ಪದ್ಧತಿಯ ಆರಂಭಿಕ ಉದಾಹರಣೆಗಳು. ಕಾಲಾವಧಿಯನ್ನು ಮೀರಿದ ಗ್ರಂಥ ಅಂದಿನ ಓದುಗರಿಗೆ ಅಸಾಧ್ಯವೊಂದರ ದಾಖಲೆಯಾಗಿ ಕಂಡಿದ್ದರೂ, ಯಂತ್ರಗಳು ಬಂದ ಬಳಿಕ ಮಾರ್ಗದರ್ಶಿಯಾಯಿತು.

ಯುರೋಪಿನ ಭೂವಿಜ್ಞಾನಗಳ ಒಕ್ಕೂಟವು ರಿಚರ್ಡ್‌ಸನ್ ಹೆಸರಿನ ಪದಕವನ್ನೂ, ಬ್ರಿಟನ್ನಿನ ರಾಯಲ್ ಹವಾಮಾನ ಸಂಘವು ಅವರ ಹೆಸರಿನ ಬಹುಮಾನವನ್ನೂ ನೀಡುತ್ತವೆ. ಲ್ಯಾಂಕಸ್ಟರ್ ವಿಶ್ವವಿದ್ಯಾಲಯದ ಶಾಂತಿ ಅಧ್ಯಯನ ಕೇಂದ್ರವೂ ಅವರ ಹೆಸರನ್ನು ಹೊತ್ತಿದೆ.